ಎಂಟುನೂರಕ್ಕೆ ಪೂನ್ ಎಷ್ಟು?

ಹಾಂಗ್‌ಕಾಂಗಿನಲ್ಲಿ ಸಾಲು ಕಂಡರೆ ಮೊದಲು ನಿಂತುಕೊಳ್ಳಬೇಕು, ಯಾತಕ್ಕೆ ಎಂದು ಆಮೇಲೆ ಕೇಳಬೇಕು. ಪೂನ್ ಕಾಮ್‌ಫೈಗೆ ಇದನ್ನು ಯಾರೂ ಹೇಳಿಕೊಟ್ಟವರಿಲ್ಲ. ನಾಲ್ಕು ದಿನಕ್ಕೊಮ್ಮೆ ನೀರು ಬಿಡುತ್ತಿದ್ದ ಬರಗಾಲದಲ್ಲಿ ತಗಡಿನ ಡಬ್ಬ ಹಿಡಿದು ನಿಂತು ಬೆಳೆದವನು ಅವನು. ಸಾಲು ಕಂಡ ಕೂಡಲೇ ಕಾಲುಗಳು ತಾವಾಗಿಯೇ ಅದರ ಬಾಲಕ್ಕೆ ಹೋಗಿ ಸೇರಿಕೊಳ್ಳುತ್ತಿದ್ದವು.

೧೯೯೦ರ ಡಿಸೆಂಬರಿನ ಒಂದು ಬೆಳಿಗ್ಗೆ ಅಂಥದೊಂದು ಸಾಲು ಸರ್ಕಾರಿ ಕಟ್ಟಡದ ಮೂಲೆ ಸುತ್ತಿ, ಮೀನಿನ ಉಂಡೆ ಮಾರುವ ಗಾಡಿಯನ್ನೂ ದಾಟಿ ಬಂದಿತ್ತು. ಹೆಗಲಿಗೆ ಸಲಕರಣೆಯ ಚೀಲ ಹಾಕಿಕೊಂಡು ಕೆಲಸಕ್ಕೆ ಹೊರಟಿದ್ದ ಪೂನ್ ನಿಂತೇಬಿಟ್ಟ.

"ಏನ್ ಕೊಡ್ತಿದಾರೆ?" ಎಂದು ಮುಂದಿದ್ದವನನ್ನು ಕೇಳಿದ.

"ಬರೋ ಹೊಸ ವರ್ಷ ಕುರಿ ವರ್ಷ ಅಲ್ವಾ, ಅದರ ಅಂಚೆಚೀಟಿ ಇರ್ಬೇಕು. ನಂಗೂ ಸರಿಯಾಗ್ ಗೊತ್ತಿಲ್ಲ."

"ಚೀಟಿ ಅಲ್ಲ, ಹೊಸ ಫ್ಲ್ಯಾಟಿನ ಅರ್ಜಿ," ಎಂದಳು ಹಿಂದಿನಿಂದ ಒಬ್ಬಳು.

"ಯಾವ್ದಾದ್ರೇನು, ಬಿಟ್ಟಿ ತಾನೆ?" ಎಂದ ಇನ್ನೊಬ್ಬ. ಆ ಮಾತಿಗೆ ಎಲ್ಲರಿಗೂ ಸಮಾಧಾನವಾಯಿತು.

ಮುಕ್ಕಾಲು ಗಂಟೆಯ ಮೇಲೆ ಪೂನನ ಕೈಗೆ ಒಂದು ದಪ್ಪ ಪುಸ್ತಕ ಬಂತು. ಪಂಚಾಂಗಕ್ಕಿಂತ ದಪ್ಪ. ಮುಖಪುಟದ ಮೇಲೆ ಸಿಂಹ, ಕಿರೀಟ, ಕೊಂಬಿನ ಕುದುರೆ.

"ಸ್ವಾಮಿ, ಇದ್ರಲ್ಲಿ ಅಂಚೆಚೀಟಿ ಎಲ್ಲಿದೆ?"

ಕಿಟಕಿಯೊಳಗಿನ ಗುಮಾಸ್ತ ಅವನನ್ನು ಮೇಲಿಂದ ಕೆಳಗೆ ನೋಡಿದ. "ಬ್ರಿಟಿಷ್ ಪೌರತ್ವದ ಅರ್ಜಿ ಕಣಯ್ಯಾ. ತುಂಬಿಸಿ ಕೊಡು. ಖಾಲಿ ಪುಸ್ತಕ ವಾಪಸ್ ತಗೊಳಲ್ಲ. ಮುಂದಿನವರು ಬನ್ನಿ!"

ಪೂನ್ ಅದನ್ನು ಚೀಲಕ್ಕೆ ತುರುಕಿಕೊಂಡ. ಸ್ಪ್ಯಾನರುಗಳ ನಡುವೆ ಸಿಂಹದ ತಲೆ ಮಾತ್ರ ಹೊರಗೆ ಇಣುಕುತ್ತಿತ್ತು.

ಅವನು ಲಿಫ್ಟ್ ರಿಪೇರಿ ಮಾಡುವವನು. ತಾನು ವಾಸವಾಗಿದ್ದ ಬಡಾವಣೆಯ ಆರು ಕಟ್ಟಡಗಳ ಲಿಫ್ಟುಗಳನ್ನು ಕಂಪನಿ ಅವನಿಗೇ ಒಪ್ಪಿಸಿತ್ತು. ಇಪ್ಪತ್ತೊಂದು ಮಹಡಿಯ ಆ ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ನಿಲ್ಲುತ್ತಿದ್ದುದು ಏಳು, ಹದಿಮೂರು, ಹತ್ತೊಂಬತ್ತರಲ್ಲಿ ಮಾತ್ರ. ಉಳಿದವರು ತಮ್ಮ ತಮ್ಮ ಕಾಲಿನ ಶಕ್ತಿಗೆ ತಕ್ಕಂತೆ ಹತ್ತಿಯೋ ಇಳಿದೋ ಮನೆ ಸೇರಬೇಕು. ಹೀಗಾಗಿ ಅಲ್ಲಿ ಯಾವ ಸುದ್ದಿಯೂ ಗುಟ್ಟಾಗಿ ಉಳಿಯುತ್ತಿರಲಿಲ್ಲ. ಎಲ್ಲರೂ ಎಲ್ಲರ ಬಾಗಿಲ ಮುಂದೆಯೇ ಹಾದುಹೋಗಬೇಕು.

ಆ ಸಂಜೆ ಲಿಫ್ಟಿನಲ್ಲಿ ಫೂಂಗ್ ತಾಯ್, ಎಂದರೆ ಶ್ರೀಮತಿ ಫೂಂಗ್, ಸಿಕ್ಕಿದಳು. ಕಟ್ಟಡದ ಪರಸ್ಪರ ಸಹಾಯ ಸಮಿತಿಯ ಅಧ್ಯಕ್ಷೆ, ಅರವತ್ತರ ಹೆಂಗಸು, ದಿನಕ್ಕೆ ಮೂರು ಸಲ ಕಸದ ಬಗ್ಗೆ, ನಾಲ್ಕು ಸಲ ನೆಂಟರ ಬಗ್ಗೆ ಮಾತಾಡುವವಳು. ಅವಳ ಕಣ್ಣು ಚೀಲದ ಮೇಲೆ ಬಿತ್ತು. ಸಿಂಹ ಅವಳನ್ನು ನೋಡಿತು. ಅವಳು ಸಿಂಹವನ್ನು ನೋಡಿದಳು. ಹದಿಮೂರನೇ ಮಹಡಿ ಬರುವವರೆಗೂ ಒಂದು ಮಾತಾಡಲಿಲ್ಲ.

ಫೂಂಗ್ ತಾಯ್ ಸುಮ್ಮನಿದ್ದಾಳೆಂದರೆ ಏನೋ ದೊಡ್ಡದೇ ನಡೆಯುತ್ತಿದೆ ಎಂದು ಪೂನ್ ತಿಳಿದುಕೊಳ್ಳಬೇಕಿತ್ತು. ಅವಳಿಗೆ ಗಂಟಲು ಕೆಟ್ಟಿರಬೇಕು ಎಂದುಕೊಂಡು, "ಜೇನು ಹಾಕಿ ಬಿಸಿನೀರು ಕುಡೀರಿ, ಫೂಂಗ್ ತಾಯ್," ಎಂದು ಹೇಳಿ ಇಳಿದ.

ಮನೆಯಲ್ಲಿ ಹೆಂಡತಿ ಯೂಕ್‌ಲಾನ್ ಸೊಪ್ಪು ಬಿಡಿಸುತ್ತಿದ್ದಳು. ಬಾಗಿಲ ಬಳಿ ಅವಳ ನೀಲಿ ಚಪ್ಪಲಿ ಎಂದಿನಂತೆ ಜೋಡಿಯಾಗಿ, ಮೂತಿ ಹೊರಗೆ ಮಾಡಿಕೊಂಡು, ಮೆಟ್ಟಿದರೆ ಹೊರಟೇಬಿಡಬೇಕು ಎಂಬಂತೆ ಕೂತಿತ್ತು. ಮದುವೆಯಾಗಿ ಹದಿನಾರು ವರ್ಷದಿಂದ ಅದರ ಮೂತಿ ಒಂದು ದಿನವೂ ಒಳಗೆ ತಿರುಗಿದ್ದಿಲ್ಲ. ಮಲಗಿದಾಗಲೂ ಅಷ್ಟೆ, ಹೊರಗೆ ಏನಾದರೂ ಸದ್ದಾದರೆ ಅವಳು ಎದ್ದು ಮೊದಲು ಚಪ್ಪಲಿ ನೋಡುತ್ತಿದ್ದಳು. ಪೂನ್ ಅದನ್ನು ಹೆಂಗಸರ ಅಚ್ಚುಕಟ್ಟು ಎಂದುಕೊಂಡಿದ್ದ.

"ಅಂಚೆಚೀಟಿ ತರ್ತೀನಿ ಅಂತ ನಿಂತ್ಕೊಂಡು ಇದನ್ನ ತಂದಿದೀಯಾ?" ಎಂದು ಅವಳು ಪುಸ್ತಕವನ್ನು ಕೈಯಲ್ಲಿ ತೂಗಿ ನೋಡಿದಳು. "ಏನಂತೆ ಇದು?"

ಪೂನ್ ಪತ್ರಿಕೆಯಲ್ಲಿ ಓದಿದ್ದನ್ನು ಹೇಳಿದ. ಇನ್ನು ಆರೂವರೆ ವರ್ಷಕ್ಕೆ ಊರು ಬ್ರಿಟಿಷರಿಂದ ಚೀನಾದ ಕೈಗೆ ಹೋಗಿ ಬಾವುಟ ಬದಲಾಗುತ್ತದೆ. ಕಸುಬು ಬಲ್ಲವರೆಲ್ಲ ಈಗಲೇ ಕೆನಡಾ, ಆಸ್ಟ್ರೇಲಿಯಾ ಎಂದು ಗಂಟುಮೂಟೆ ಕಟ್ಟುತ್ತಿದ್ದಾರೆ. ಅವರು ಹೋಗದಿರಲಿ ಎಂದು ಬ್ರಿಟಿಷರು ಐವತ್ತು ಸಾವಿರ ಸಂಸಾರಗಳಿಗೆ ತಮ್ಮ ಪೌರತ್ವ ಕೊಡುತ್ತಾರೆ. ಯಾವಾಗ ಬೇಕಾದರೂ ಹೋಗಬಹುದು ಎಂಬ ಧೈರ್ಯ ಇದ್ದರೆ ಜನ ಇಲ್ಲೇ ಇರುತ್ತಾರಂತೆ.

"ಮನೆ ಬಿಟ್ಟು ಹೋಗ್ಬೇಡ ಅಂತ ಬೀಗದ ಕೈ ಕೊಡೋದಾ?"

"ಹಾಗೇ ಅನ್ನು."

"ವಿಚಿತ್ರ," ಎಂದಳು ಯೂಕ್‌ಲಾನ್. ಆದರೆ ಸೊಪ್ಪು ಬಿಡಿಸುವುದು ನಿಂತುಹೋಗಿತ್ತು.

ಪುಸ್ತಕದ ಹಿಂದೆ ಅಂಕಗಳ ಪಟ್ಟಿ ಇತ್ತು. ಒಟ್ಟು ಎಂಟುನೂರು. ಮೂವತ್ತರಿಂದ ನಲವತ್ತರೊಳಗಿನ ವಯಸ್ಸಿಗೆ ಇನ್ನೂರು. ಅನುಭವಕ್ಕಿಷ್ಟು, ಓದಿಗಿಷ್ಟು, ಇಂಗ್ಲಿಷಿಗೆ ಐವತ್ತು, ಸಮಾಜಸೇವೆಗೆ ಐವತ್ತು. ಶಾಲೆಯಲ್ಲಿ ನೂರಕ್ಕೆ ಮೂವತ್ತೆಂಟು ದಾಟದಿದ್ದ ಪೂನನಿಗೆ ಇದು ಬಹಳ ಕುತೂಹಲದ ವಿಷಯವಾಗಿ ಕಂಡಿತು. ಮನುಷ್ಯನಿಗೇ ಅಂಕ ಕೊಡುತ್ತಾರೆಂದು ಅವನು ಕೇಳಿರಲಿಲ್ಲ. ನಾನು ಎಷ್ಟು ಇರಬಹುದು?

"ವಯಸ್ಸು ನಲವತ್ತೊಂದು. ಒಂದು ವರ್ಷಕ್ಕೆ ತಪ್ಪಿಹೋಯ್ತು ನೋಡು," ಎಂದು ಪೆನ್ಸಿಲ್ ಕಚ್ಚಿದ. "ಇಂಗ್ಲಿಷು... 'ಅಪಾಯ' ಅನ್ನೋದು ಓದಕ್ಕೆ ಬರತ್ತೆ. 'ಮೇಲೆ', 'ಕೆಳಗೆ' ಬರತ್ತೆ. ಸಮಾಜಸೇವೆ ಸೊನ್ನೆ. ಹೋಗ್ಲಿ ಬಿಡು, ನಮಗ್ಯಾಕೆ? ಮಡಕೆ ಇಡಕ್ಕೆ ಆಗತ್ತೆ ಈ ಪುಸ್ತಕ."

"ತುಂಬಿಸು," ಎಂದಳು ಯೂಕ್‌ಲಾನ್.

"ಹಾಂ?"

"ತುಂಬಿಸು, ಆಫೈ. ಗಂಡನಿಗೆ ಸಿಕ್ಕಿದ್ರೆ ಹೆಂಡತಿಗೂ ಸಿಗತ್ತೆ ತಾನೆ?" ಹತ್ತಿರದವರು ಕರೆಯುವ ಹೆಸರಿನಿಂದ ಅವನನ್ನು ಕರೆದು, ಅವಳು ತಲೆ ತಗ್ಗಿಸಿಯೇ ಹೇಳಿದಳು. "ನಾನು ಎಲ್ಲಿಗೂ ಹೋಗಲ್ಲ. ಆದ್ರೆ ನದಿಯಾಚೆ ಚೀನಾದಿಂದ ಅಮ್ಮ ನನ್ನ ಕರ್ಕೊಂಡು ಓಡಿಬಂದಾಗ ಚಪ್ಪಲಿ ಹುಡುಕೋಕ್ಕೂ ಹೊತ್ತಿರ್ಲಿಲ್ಲ. ಮೂರು ದಿನ ಬರಿಗಾಲಲ್ಲಿ ಗುಡ್ಡ ಹತ್ತಿದೆ. ಇನ್ನೊಂದ್ಸಲ ಹೋಗೋದೇ ಆದ್ರೆ ಚಪ್ಪಲಿ ಹಾಕ್ಕೊಂಡು, ಬಾಗಿಲಿಂದ ಹೋಗ್ಬೇಕು. ಆ ಕಾಗದ ಮನೇಲಿದೆ ಅಂತಾದ್ರೆ ನಂಗೆ ನಿದ್ದೆ ಬರತ್ತೆ."

ಪೂನ್ ಬಾಗಿಲ ಬಳಿಯ ನೀಲಿ ಚಪ್ಪಲಿಯನ್ನು ಹದಿನಾರು ವರ್ಷದಲ್ಲಿ ಮೊದಲ ಸಲ ನೋಡಿದ.

ಮಾರನೆಯ ದಿನ ಅವನು ಸಿಟ್ ಮೇಷ್ಟ್ರ ಮುಂದೆ ಕೂತಿದ್ದ. ಮೇಷ್ಟ್ರು ಕಟ್ಟಡದ ಬುಡದಲ್ಲಿ, ಅಂಚೆಪೆಟ್ಟಿಗೆಗಳ ಪಕ್ಕ, ಮೇಜು ಹಾಕಿಕೊಂಡು ಊರಿನವರ ಇಂಗ್ಲಿಷ್ ಅರ್ಜಿಗಳನ್ನು ಟೈಪ್ ಮಾಡುವವರು. ಇಡೀ ಬಡಾವಣೆಯ ಜಗಳ, ಮದುವೆ, ಬಾಡಿಗೆ ಎಲ್ಲವೂ ಅವರ ಬೆರಳ ತುದಿಯಿಂದಲೇ ಹಾದುಹೋಗಿದ್ದವು. ಒಬ್ಬರ ಕಾಗದದ ಸುದ್ದಿಯನ್ನು ಇನ್ನೊಬ್ಬರಿಗೆ ಹೇಳಿದವರಲ್ಲ.

"ಸಮಾಜಸೇವೆ," ಎಂದರು ಮೇಷ್ಟ್ರು. "ಯಾವ ಸಂಘದ ಅಧ್ಯಕ್ಷ?"

"ಯಾವ್ದೂ ಇಲ್ಲ."

"ಸ್ಕೌಟು? ಬ್ಯಾಂಡು? ರಕ್ತದಾನ?"

"ರಕ್ತ ಒಂದ್ಸಲ ಕೊಡಕ್ಕೆ ಹೋಗಿದ್ದೆ. ಸೂಜಿ ನೋಡಿ ಬಿದ್ಬಿಟ್ಟೆ. ಅವರೇ ನಂಗೆ ಗ್ಲೂಕೋಸ್ ಹಾಕಿ ಕಳ್ಸಿದ್ರು."

"ಅದು ಸಮಾಜ ನಿಂಗೆ ಮಾಡಿದ ಸೇವೆ," ಎಂದು ಮೇಷ್ಟ್ರು 'ಇಲ್ಲ' ಎಂದು ಟೈಪ್ ಮಾಡಿದರು. "ಏನಾದ್ರೂ ಒಂದು ಸಮಿತಿ ಸೇರ್ಕೊ. ಇನ್ನೂ ಸಮಯ ಇದೆ."

ಪೂನ್ ಫೂಂಗ್ ತಾಯಳ ಬಾಗಿಲು ತಟ್ಟಿದ. "ಫೂಂಗ್ ತಾಯ್, ನನ್ನನ್ನ ಸಮಿತಿಗೆ ಸೇರಿಸ್ಕೊಳ್ತೀರಾ?"

ಅವಳ ಕಣ್ಣಲ್ಲಿ ನೀರು ಬಂದೇಬಿಟ್ಟಿತು. "ಈಗ ನೆನಪಾಯ್ತಾ? ಇಷ್ಟು ವರ್ಷ ಸಭೆಗೆ ಕರೆದ್ರೆ ಲಿಫ್ಟಿನ ಮೇಲೆ ಹತ್ತಿ ಬಚ್ಚಿಟ್ಕೊಳ್ತಿದ್ದೆ. ಬೇಡಪ್ಪ, ಆಫೈ. ಹೋಗೋನಿಗೆ ಸಮಿತಿ ಯಾಕೆ? ಊಟ ಆಯ್ತಾ? ತಗೋ, ಮೂಲಂಗಿ ಕಡುಬು. ಅಲ್ಲೆಲ್ಲ ಇದು ಸಿಗಲ್ಲ."

ಎಲ್ಲಿ ಸಿಗಲ್ಲ ಎಂದು ಪೂನ್ ಕೇಳಲಿಲ್ಲ. ಕಡುಬು ಬಿಸಿಯಾಗಿತ್ತು.

ಅಂದಿನಿಂದ ಜನರ ಪ್ರೀತಿ ಏಕಾಏಕಿ ಉಕ್ಕಿ ಹರಿಯಿತು. ಕ್ಷೌರದವನು, "ಅಲ್ಲಿ ಚಳಿ ಜಾಸ್ತಿ, ಕಿವಿ ಮುಚ್ಚೋ ಹಾಗೆ ಬಿಡ್ತೀನಿ," ಎಂದು ಅರ್ಧಂಬರ್ಧ ಕತ್ತರಿಸಿ ಕಳಿಸಿದ. ಒಂಬತ್ತನೇ ಮಹಡಿಯವನು ಬಂದು ಫ್ರಿಜ್ಜನ್ನು ಅಳತೆ ಮಾಡಿಕೊಂಡು, ನಿಟ್ಟುಸಿರು ಬಿಟ್ಟು ಹೋದ. ಹದಿನೆಂಟನೆಯ ಮಹಡಿಯ ಲಾವ್ ಅಜ್ಜಿ ಉಣ್ಣೆಯ ಒಳಂಗಿ ಕೊಟ್ಟು, ಅದು ತೀರಿಹೋದ ಗಂಡನದೆಂದೂ ಒಂದೇ ಚಳಿಗಾಲ ಹಾಕಿದ್ದೆಂದೂ ಹೇಳಿದಳು.

"ಇವರಿಗೆಲ್ಲ ಏನಾಗಿದೆ?" ಎಂದು ಪೂನ್ ಹೆಂಡತಿಯನ್ನು ಕೇಳಿದ.

"ಹೊಸ ವರ್ಷ ಹತ್ತಿರ ಬಂತಲ್ಲ, ಒಳ್ಳೆಯವರಾಗ್ತಿದಾರೆ," ಎಂದಳು ಅವಳು.

ಒಂದು ಶನಿವಾರ ಕೆಲಸ ಮುಗಿಸಿ ಬಂದಾಗ ಹದಿಮೂರನೇ ಮಹಡಿಯ ಉದ್ದನೆಯ ಓಣಿಯಲ್ಲಿ ಸಾಲು ನಿಂತಿತ್ತು. ಕೈಯಲ್ಲಿ ಅನ್ನದ ಕುಕ್ಕರು, ಫ್ಯಾನು, ರೇಡಿಯೋ. ಪೂನ್ ಹೋಗಿ ಕೊನೆಯಲ್ಲಿ ನಿಂತ. ಸಾಲು ಅಲ್ಲಾಡಲಿಲ್ಲ. ಕಾಲು ಗಂಟೆಯ ಮೇಲೆ ಮುಂದಿದ್ದವನ ಬೆನ್ನು ತಟ್ಟಿ ಕೇಳಿದ: "ಏನ್ ಕೊಡ್ತಿದಾರೆ?"

ಅವನು ತಿರುಗಿ, ಹೆಸರಿಗೆ 'ಸಾಂಗ್' ಎಂಬ ಮರ್ಯಾದೆ ಸೇರಿಸಿ, "ಅಯ್ಯೋ ಪೂನ್ ಸಾಂಗ್! ನೀವು ಬರ್ಲಿ ಅಂತಾನೇ ಕಾಯ್ತಿದೀವಿ. ಹೋಗೋಕ್ ಮುಂಚೆ ಇದೊಂದು ಸರಿ ಮಾಡ್ಕೊಡಿ," ಎಂದ. ಅದು ಪೂನನದೇ ಮನೆಯ ಬಾಗಿಲ ಮುಂದಿನ ಸಾಲು. ಕೆಲಸಕ್ಕೆ ಹೋಗೋಕ್ ಮುಂಚೆ ಎಂದು ಅರ್ಥ ಮಾಡಿಕೊಂಡು ಅವನು ಹದಿನಾಲ್ಕು ಕುಕ್ಕರು ಬಿಚ್ಚಿದ.

ಇತ್ತ ಫೂಂಗ್ ತಾಯ್ ಕೈಕಟ್ಟಿ ಕೂತಿರಲಿಲ್ಲ. ಎರಡು ದಿನ ಕಳೆದು ಪೂನ್ ಕೆಳಗೆ ಬಂದಾಗ ಸಿಟ್ ಮೇಷ್ಟ್ರ ಮೇಜಿನ ಸುತ್ತ ಮತ್ತೆ ಸಾಲು. ಜನ ಒಬ್ಬೊಬ್ಬರಾಗಿ ಬಗ್ಗಿ ಕಾಗದಕ್ಕೆ ಸಹಿ ಹಾಕುತ್ತಿದ್ದರು. ಸಹಿ ಬಾರದವರು ಕೆಂಪು ಶಾಯಿಗೆ ಹೆಬ್ಬೆಟ್ಟು ಅದ್ದುತ್ತಿದ್ದರು. ಫೂಂಗ್ ತಾಯ್ ಆಗತಾನೇ ಚಹಾಕ್ಕೆ ಹೋಗಿದ್ದಳು. ಪೂನ್ ಸಾಲಿಗೆ ಸೇರಿದ.

"ಯಾವ ವಿಷಯ?"

ಮುಂದಿದ್ದವನು ಮೇಲಿನ ಮಹಡಿಗೆ ಹೊಸದಾಗಿ ಬಂದವನು. ಪೂನನ ಮುಖ ಅವನಿಗೆ ಗೊತ್ತಿಲ್ಲ. "ಲಿಫ್ಟಿನ ವಿಷಯ ಅಂತೆ."

ಲಿಫ್ಟ್ ಎಂದ ಮೇಲೆ ಕೇಳುವುದೇನಿದೆ? ಪೂನ್ ತನ್ನ ಸರದಿ ಬಂದಾಗ, ಇಂಗ್ಲಿಷಿನ ನಾಲ್ಕು ಹಾಳೆಗಳನ್ನು ಗೌರವದಿಂದ ನೋಡಿ, ದೊಡ್ಡ ಅಕ್ಷರದಲ್ಲಿ ಸಹಿ ಹಾಕಿದ. ಸಿಟ್ ಮೇಷ್ಟ್ರು ಟೈಪ್ ಯಂತ್ರದಿಂದ ತಲೆ ಎತ್ತಿದರು. ಸಹಿಯನ್ನು ನೋಡಿದರು. ಪೂನನನ್ನು ನೋಡಿದರು. ಬಾಯಿ ಅರ್ಧ ತೆರೆದು, ಕಸುಬಿನ ಧರ್ಮ ನೆನಪಾಗಿ, ಮುಚ್ಚಿಕೊಂಡರು.

"ಚೆನ್ನಾಗಿದೆ ಸಹಿ," ಎಂದರು ಮಾತ್ರ.

ಹೊಸ ವರ್ಷ ಕಳೆದು, ಚಳಿಯೂ ಕಳೆದು, ವಸಂತದ ಮಳೆ ಹಿಡಿದುಕೊಂಡ ಮೇಲೆ ಪೂನನಿಗೆ ಪೌರತ್ವದ ಕಚೇರಿಯಿಂದ ಕರೆ ಬಂತು. ಯೂಕ್‌ಲಾನ್ ಅವನ ಅಂಗಿಗೆ ಇಸ್ತ್ರಿ ಹಾಕಿ, ಜೇಬಿಗೆ ಎರಡು ಕಿತ್ತಳೆ ಇಟ್ಟು ಕಳಿಸಿದಳು. ಬಾಗಿಲಲ್ಲಿ, "ಸೊನ್ನೆ ಬಂದ್ರೂ ಪರ್ವಾಗಿಲ್ಲ," ಎಂದಳು. ಅವಳ ಕಣ್ಣ ಕೆಳಗಿನ ಕಪ್ಪು ನೋಡಿದರೆ ಪರವಾಗಿಲ್ಲ ಎಂದು ಅನಿಸುತ್ತಿರಲಿಲ್ಲ.

ಅಧಿಕಾರಿಣಿ ಮಿಸ್ ಯಿಪ್ ಮೂವತ್ತರ ಹುಡುಗಿ. ಕನ್ನಡಕ, ನೆಗಡಿ. ಪೂನ್ ಜೇಬಿನ ಕಿತ್ತಳೆ ತೆಗೆದು ಮೇಜಿನ ಮೇಲಿಟ್ಟ. "ನೆಗಡಿಗೆ ಒಳ್ಳೇದು."

"ಲಂಚ ತಗೊಳಲ್ಲ, ಪೂನ್ ಸಾಂಗ್."

"ಲಂಚ ಅಲ್ಲಮ್ಮ, ಕಿತ್ತಳೆ."

ಅವಳು ನಗು ತಡೆದುಕೊಂಡು ಅರ್ಜಿ ತೆರೆದಳು. "ವಯಸ್ಸು ನಲವತ್ತೊಂದು ಅಂತ ಬರೆದಿದೀರಿ. ಅರ್ಜಿ ಹಾಕಿದಾಗ ನಿಮಗೆ ಮೂವತ್ತೊಂಬತ್ತು."

"ಇಲ್ಲ ಇಲ್ಲ. ಹುಟ್ಟಿದ ದಿನಾನೇ ಒಂದು. ಹದಿನೈದು ದಿನಕ್ಕೆ ಹೊಸ ವರ್ಷ ಬಂತು, ಆಗ ಎರಡು. ನಮ್ಮಮ್ಮ ಎಣಿಸಿರೋ ಲೆಕ್ಕ."

"ರಾಣಿಯವರ ಸರ್ಕಾರ ನಿಮ್ಮಮ್ಮನ ಲೆಕ್ಕ ಹಿಡಿಯಲ್ಲ."

"ಹಾಗಾದ್ರೆ ಆ ಎರಡು ವರ್ಷ ನಾನು ಎಲ್ಲಿದ್ದೆ?" ಎಂದ ಪೂನ್. ಅದನ್ನು ಅವನು ನಿಜಕ್ಕೂ ತಿಳಿದುಕೊಳ್ಳಬೇಕೆಂದಿದ್ದ.

ಮಿಸ್ ಯಿಪ್ ವಯಸ್ಸು ತಿದ್ದಿದಳು. ಆಮೇಲೆ ಇನ್ನೊಂದು ಕಂತೆಯನ್ನು ಮುಂದೆ ಎಳೆದುಕೊಂಡಳು. "ಸಮಾಜಸೇವೆ 'ಇಲ್ಲ' ಅಂದಿದೀರಿ. ಆದ್ರೆ ನಮಗೊಂದು ಮನವಿ ಬಂದಿದೆ. ನಿಮಗೆ ಪೌರತ್ವ ಕೊಡಬಾರದು ಅಂತ. ಇನ್ನೂರ ಹನ್ನೊಂದು ಜನ ಸಹಿ ಹಾಕಿದಾರೆ."

ಪೂನ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಇನ್ನೂರ ಹನ್ನೊಂದು ಜನಕ್ಕೆ ನಾನೇನು ಮಾಡಿದೆ? ಹದಿನಾಲ್ಕು ಕುಕ್ಕರಿನಲ್ಲಿ ಒಂದಾದರೂ ಸಿಡಿಯಿತೋ ಏನೋ.

ಅವಳು ಇಂಗ್ಲಿಷನ್ನು ಓದುತ್ತಾ, ತಮ್ಮ ಕ್ಯಾಂಟನೀಸ್ ಮಾತಿನಲ್ಲಿ ಹೇಳತೊಡಗಿದಳು. "'ಪೂನ್ ಎಂಬ ಈ ಮನುಷ್ಯ ದೊಡ್ಡ ಬಿರುಗಾಳಿಯ ದಿನ ಕರೆಂಟು ಹೋದಾಗ ಲಿಫ್ಟಿನಲ್ಲಿ ಸಿಕ್ಕಿದ್ದ ಒಂಬತ್ತು ಜನರನ್ನು ಕೈಯಿಂದ ಚಕ್ರ ತಿರುಗಿಸಿ ಇಳಿಸಿದ. ಅಕ್ಕಿ ಮೂಟೆಗಳನ್ನು ಹೊರುತ್ತಾನೆ. ಕುಡಿದು ಬಂದವರನ್ನು ಅವರವರ ಮನೆಗೇ ಸೇರಿಸುತ್ತಾನೆ. ಒಂದು ಸಲ ಮಾತ್ರ ಮನೆ ತಪ್ಪಿದೆ. ಹದಿನೆಂಟನೇ ಮಹಡಿಯ ಲಾವ್ ಅಜ್ಜಿಗೆ ಒಂದು ಮಹಡಿ ಹತ್ತಲು ಹತ್ತು ನಿಮಿಷ ಬೇಕು. ಆರು ವರ್ಷದಿಂದ ಪ್ರತಿದಿನ ಹನ್ನೊಂದು ಗಂಟೆಗೆ ಅವನು ಲಿಫ್ಟನ್ನು ಹತ್ತೊಂಬತ್ತರಲ್ಲಿ ಹಿಡಿದು ನಿಲ್ಲಿಸಿ ಕಾಯುತ್ತಾನೆ. ದಾಖಲೆ ಪುಸ್ತಕದಲ್ಲಿ ಬಾಗಿಲಿನ ಪರೀಕ್ಷೆ ಎಂದು ಬರೆಯುತ್ತಾನೆ—'"

"ಅಮ್ಮಾ, ಅದೊಂದನ್ನ ಕಂಪನಿಗೆ ಹೇಳ್ಬೇಡಿ!" ಪೂನ್ ಎದ್ದುನಿಂತ. "ನನ್ನ ಕೆಲಸ ಹೋಗತ್ತೆ. ಬಾಗಿಲು ನಿಜವಾಗ್ಲೂ ಪರೀಕ್ಷೆ ಆಗತ್ತೆ. ಹತ್ತು ನಿಮಿಷ ತೆರೆದೇ ಇರತ್ತಲ್ಲ."

ಮಿಸ್ ಯಿಪ್ ಅವನನ್ನೊಮ್ಮೆ ನೋಡಿ, ಕನ್ನಡಕ ತೆಗೆದು ಒರೆಸಿದಳು. "ಲಿಫ್ಟಿನ ಇಂಗ್ಲಿಷ್ ನಂಗೆ ಅಷ್ಟಾಗಿ ಅರ್ಥ ಆಗಲ್ಲ," ಎಂದು ಆ ಹಾಳೆ ಮಗುಚಿದಳು. "ಕೊನೆಗೆ ಹೀಗಿದೆ: 'ಇವನು ಹೋದರೆ ನಮ್ಮ ಕಟ್ಟಡಕ್ಕೆ ಕಾಲೇ ಇಲ್ಲ. ಆದ್ದರಿಂದ ಇವನ ಅರ್ಜಿ ತಿರಸ್ಕರಿಸಬೇಕು.'"

"ಹೋದ್ರೆ? ಎಲ್ಲಿಗೆ ಹೋದ್ರೆ?" ಉಣ್ಣೆ ಅಂಗಿ, ಕಿವಿ ಮುಚ್ಚುವ ಕೂದಲು, ಅಳತೆಯಾದ ಫ್ರಿಜ್ಜು ಎಲ್ಲ ಒಟ್ಟಿಗೆ ಪೂನನ ತಲೆಯಲ್ಲಿ ದೀಪ ಹಚ್ಚಿದವು.

"ಅದನ್ನೇ ನಾನೂ ಕೇಳ್ಬೇಕು ಅಂತಿದ್ದೆ. ಯಾಕಂದ್ರೆ ನೂರ ಅರವತ್ಮೂರನೇ ಸಹಿ ನಿಮ್ಮದೇ." ಅವಳು ಹಾಳೆಯನ್ನು ಅವನ ಕಡೆ ತಿರುಗಿಸಿದಳು. ದೊಡ್ಡ ಅಕ್ಷರದಲ್ಲಿ, ಎಲ್ಲರಿಗಿಂತ ಚೆನ್ನಾಗಿ, ಪೂನ್ ಕಾಮ್‌ಫೈ.

ಪೂನ್ ತನ್ನ ಸಹಿಯ ಮೇಲೆ ಬೆರಳಿಟ್ಟು ನೋಡಿದ.

"ಸಾಲಿತ್ತು," ಎಂದ ಪೂನ್ ಕೊನೆಗೆ. "ನಿಂತ್ಕೊಂಡೆ."

ಮಿಸ್ ಯಿಪ್ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು. ನೆಗಡಿಯೋ ನಗುವೋ ಹೇಳಲಾಗದು. "ಪೂನ್ ಸಾಂಗ್, ಈ ಯೋಜನೆ ಇರೋದೇ ಹೋದ್ರೆ ಊರಿಗೆ ನಷ್ಟ ಆಗೋವಂಥ ಜನಕ್ಕೆ, ಅವರು ಇಲ್ಲೇ ಉಳೀಲಿ ಅಂತ. ದೊಡ್ಡ ದೊಡ್ಡವರು ಪದಕ ತಂದು ತೋರಿಸ್ತಾರೆ. ಇಲ್ಲೇ ಇರಿಸ್ಕೊಳಿ ಅಂತ ಇನ್ನೂರು ಜನ ಹೆಬ್ಬೆಟ್ಟು ಒತ್ತಿದ್ದನ್ನ, ತಾನು ಹೋಗಬಾರದು ಅಂತ ತಾನೇ ಸಹಿ ಹಾಕಿದ್ದನ್ನ ನಾನು ಎಲ್ಲೂ ನೋಡಿಲ್ಲ. ಕಾಗದ ಸಿಕ್ಕಿದ್ರೆ ಏನ್ ಮಾಡ್ತೀರಿ?"

"ಹೆಂಡತಿಗೆ ಕೊಡ್ತೀನಿ."

"ಅವರೇನು ಮಾಡ್ತಾರೆ?"

"ನಿದ್ದೆ ಮಾಡ್ತಾಳೆ," ಎಂದ ಪೂನ್.

ಅವಳು ಅದನ್ನೂ ಬರೆದುಕೊಂಡಳು. ಅವನು ಬಾಗಿಲಿಗೆ ಹೋದಾಗ ಕಿತ್ತಳೆ ಸುಲಿಯುತ್ತಿದ್ದಳು.

ಮನವಿ ಬರೆಸಿದ್ದು ಅವಳೇ ಎಂದು ಪೂನ್ ಫೂಂಗ್ ತಾಯಳೊಂದಿಗೆ ಮಾತು ಬಿಟ್ಟ. ಅವಳೂ ಬಿಟ್ಟಳು. ಮಾತಿಲ್ಲದಿದ್ದರೂ ಅವಳ ಮನೆಯ ಫ್ಯಾನು ನಿಂತಾಗ ಅವನು ಹೋಗಿ ಸರಿಮಾಡಿದ. ಮಾತಿಲ್ಲದೆಯೇ ಅವಳು ಸೂಪು ಕೊಟ್ಟಳು. ಇಬ್ಬರಿಗೂ ಬಹಳ ಕಷ್ಟವಾಯಿತು, ಅವಳಿಗೆ ಹೆಚ್ಚು.

ಆಗಸ್ಟಿನ ಸೆಕೆಯಲ್ಲಿ ಒಂದು ಬೆಳಿಗ್ಗೆ ಅಂಚೆಯವನು ಸರ್ಕಾರಿ ಮುದ್ರೆಯ ರಿಜಿಸ್ಟರ್ ಕಾಗದ ಹಿಡಿದು ಲಿಫ್ಟ್ ಹತ್ತಿದ. ಫೂಂಗ್ ತಾಯ್ ಅದನ್ನು ನೋಡಿ ಮೆಟ್ಟಿಲಲ್ಲಿ ಓಡಿದಳು. ಅವಳು ಹದಿಮೂರನೇ ಮಹಡಿ ಮುಟ್ಟಿದರೂ ಲಿಫ್ಟ್ ಮುಟ್ಟಲಿಲ್ಲ. ಹನ್ನೊಂದು ಮತ್ತು ಹನ್ನೆರಡರ ನಡುವೆ ಅದು ಕೆಟ್ಟು ನಿಂತಿತ್ತು. ಒಳಗಿನಿಂದ ಅಂಚೆಯವನ ಕೂಗು.

ಓಣಿಯೆಲ್ಲ ಜನ ಸೇರಿದರು. "ಬಿಡಿ, ಸಂಜೆವರೆಗೂ ಒಳಗೇ ಇರ್ಲಿ," ಎಂದ ಕ್ಷೌರದವನು. "ಕಾಗದ ತಲುಪ್ಲಿಲ್ಲ ಅಂದ್ರೆ ವಾಪಸ್ ಹೋಗತ್ತೆ."

"ಪಾಪ, ಅವನು ಉಪವಾಸ ಇರ್ತಾನೆ," ಎಂದಳು ಲಾವ್ ಅಜ್ಜಿ. "ಬಾಗಿಲ ಸಂದಿಯಿಂದ ಬಿಸ್ಕತ್ತು ಹಾಕಬಹುದಾ?"

ಆ ಚರ್ಚೆ ಇತ್ಯರ್ಥವಾಗುವ ಮೊದಲೇ ಪೂನ್ ಚಾವಣಿಯ ಯಂತ್ರದ ಕೋಣೆಗೆ ಹೋಗಿ, ಚಕ್ರ ತಿರುಗಿಸಿ ಲಿಫ್ಟನ್ನು ಹದಿಮೂರಕ್ಕೆ ಎಳೆದು, ಇಳಿದು ಬಂದು, ಬಾಗಿಲು ತೆರೆದು, ಅಂಚೆಯವನನ್ನು ಕೈಹಿಡಿದು ಹೊರಗೆ ತಂದ. ಗ್ರೀಸ್ ಕೈಯಲ್ಲೇ ಸಹಿ ಹಾಕಿ, ಕಾಗದವನ್ನು ಗದ್ದಲ ಕೇಳಿ ಮೇಲೆ ಬಂದಿದ್ದ ಸಿಟ್ ಮೇಷ್ಟ್ರ ಕೈಗೆ ಕೊಟ್ಟ.

ಮೇಷ್ಟ್ರು ಓದಿದರು. "ಕೊಟ್ಟಿದಾರೆ. ಗಂಡ ಹೆಂಡತಿ ಇಬ್ಬರಿಗೂ."

ಫೂಂಗ್ ತಾಯ್ ಮೆಟ್ಟಿಲ ಮೇಲೆ ಕುಸಿದು ಕೂತಳು. "ಯಾವತ್ತು ಹೊರಡೋದು?"

"ಎಲ್ಲಿಗೂ ಇಲ್ಲ, ಫೂಂಗ್ ತಾಯ್," ಎಂದಳು ಯೂಕ್‌ಲಾನ್. ನದಿ, ಗುಡ್ಡ, ಬರಿಗಾಲು ಎಲ್ಲವನ್ನೂ ಆ ಓಣಿಯಲ್ಲಿ ಮೊದಲ ಸಲ ಹೇಳಿದಳು. ಕೇಳುತ್ತಿದ್ದವರಲ್ಲಿ ಅರ್ಧ ಜನ ಅದೇ ಗುಡ್ಡ ದಾಟಿ ಬಂದವರು. ಲಾವ್ ಅಜ್ಜಿ ಸುಮ್ಮನೆ ತನ್ನ ಪಾದ ನೋಡಿಕೊಂಡಳು.

"ಇದನ್ನ ಮೊದ್ಲೇ ಬಾಯಿಬಿಟ್ಟು ಹೇಳಕ್ಕೇನಾಗಿತ್ತು?" ಫೂಂಗ್ ತಾಯ್ ಎದ್ದು ಪೂನನ ಮೇಲೆ ಹಾರಿಬಿದ್ದಳು. ಐದು ತಿಂಗಳ ಮಾತೆಲ್ಲ ಒಟ್ಟಿಗೆ ಬಂತು. "ಕತ್ತೆ! ಮರದ ಕೊರಡು! ನಾಲ್ಕು ಹಾಳೆ ಬರೆಸ್ದೆ ನಿನ್ನ ತಡೆಯಕ್ಕೆ!"

"ಆ ನಾಲ್ಕು ಹಾಳೆಯಿಂದಲೇ ಸಿಕ್ಕಿದ್ದು," ಎಂದರು ಸಿಟ್ ಮೇಷ್ಟ್ರು ಸೂರು ನೋಡುತ್ತ.

ಫೂಂಗ್ ತಾಯ್ ಕ್ಷಣ ಯೋಚಿಸಿದಳು. "ಹಾಗಾದ್ರೆ ಕೊಡ್ಸಿದ್ದು ನಾನು," ಎಂದಳು. ಆ ಸಂಜೆಯೊಳಗೆ ಇಪ್ಪತ್ತೊಂದು ಮಹಡಿಗೂ ಅದೇ ಸುದ್ದಿಯಾಯಿತು.

ಪೂನನಿಗೆ ಒಂದೇ ಕೊರತೆ. "ಮೇಷ್ಟ್ರೇ, ಇನ್ನೊಂದ್ಸಲ ನೋಡಿ. ಅಂಕ ಎಷ್ಟು ಅಂತ ಬರೆದಿದಾರಾ?"

ಮೇಷ್ಟ್ರು ಹಿಂದೆ ಮುಂದೆ ತಿರುಗಿಸಿದರು. "ಇಲ್ಲಪ್ಪ."

"ಎಂಟುನೂರಕ್ಕೆ ಎಷ್ಟು ಅಂತ ಕೂಡ?"

"ಇಲ್ಲ."

"ಛೆ," ಎಂದ ಪೂನ್.

ಹನ್ನೊಂದಾಯಿತೆಂದು ಅವನು ಲಿಫ್ಟ್ ಸರಿಮಾಡಿ, ಲಾವ್ ಅಜ್ಜಿಯನ್ನು ಹತ್ತೊಂಬತ್ತಕ್ಕೆ ಮುಟ್ಟಿಸಿ, ಬಾಗಿಲಿನ ಪರೀಕ್ಷೆ ಮುಗಿಸಿಕೊಂಡು ಬಂದ. ಊಟಕ್ಕೆ ಮನೆಗೆ ಬಂದಾಗ ಕಾಗದ ಬಿಸ್ಕತ್ತಿನ ಡಬ್ಬದಲ್ಲಿ ಭದ್ರವಾಗಿತ್ತು. ಒಲೆಯ ಮೇಲೆ ಗಂಜಿ ಆರುತ್ತಿತ್ತು. ಯೂಕ್‌ಲಾನ್ ಹಾಡುಹಗಲಲ್ಲಿ, ಕುರ್ಚಿಯಲ್ಲಿ ಕೂತಲ್ಲೇ, ಬಾಯಿ ತೆರೆದು ನಿದ್ದೆ ಹೋಗಿದ್ದಳು. ಹೊರಗೆ ಯಾರೋ ಬಕೆಟ್ ಬೀಳಿಸಿದರೂ ಏಳಲಿಲ್ಲ.

ನೀಲಿ ಚಪ್ಪಲಿಯಲ್ಲಿ ಒಂದು ಮೇಜಿನ ಕೆಳಗೆ ಬೋರಲು ಬಿದ್ದಿತ್ತು. ಇನ್ನೊಂದು ಎಲ್ಲಿಗೆ ಹೋಗಿತ್ತೋ. ಪೂನ್ ಮೊಣಕಾಲೂರಿ ಹುಡುಕಿದ. ಅದು ಮಂಚದ ಅಡಿಯಲ್ಲಿ ಸಿಕ್ಕಿತು. ಅಭ್ಯಾಸದಂತೆ ಎರಡನ್ನೂ ಎತ್ತಿಕೊಂಡು, ಬಾಗಿಲ ಬಳಿ ಹೋಗಿ, ಮೂತಿ ಹೊರಗೆ ಮಾಡಿ ಜೋಡಿಸಿಟ್ಟ. ಆಮೇಲೆ ಸ್ವಲ್ಪ ಹೊತ್ತು ಅದನ್ನೇ ನೋಡಿ, ಮತ್ತೆ ಎತ್ತಿಕೊಂಡು ಬಂದು, ಒಂದನ್ನು ಮೇಜಿನ ಕೆಳಗೆ ಬೋರಲು ಹಾಕಿ, ಇನ್ನೊಂದನ್ನು ಮಂಚದ ಅಡಿಗೆ ತಳ್ಳಿದ.